ಟೊಂಕದಲ್ಲಿ ಏನೋ ಹೊಸದು ಕಾಣ್ತಿದೆ, ಜಿಮ್ ಬಿಡಬೇಕಾ?

ಈ ತಿಂಗಳು ಬಂದ ಪತ್ರಗಳಲ್ಲಿ ಹೆಚ್ಚಿನವು ಟೊಂಕದ ಬಗ್ಗೆಯೇ ಇವೆ. ಹೊಸ ವರ್ಷಕ್ಕೆ ಜಿಮ್‌ಗೋ ಯೋಗಕ್ಕೋ ಓಟಕ್ಕೋ ಸೇರಿದವರು ಎರಡು ಮೂರು ತಿಂಗಳು ಬಿಡದೆ ಮಾಡಿದ್ದಾರೆ, ಅದು ಖುಷಿಯ ವಿಷಯ, ಆದರೆ ಈಗ ಬೆನ್ನಿನ ಕೆಳಗೆ ಏನೋ ಬದಲಾದದ್ದು ಕಂಡು ಗಾಬರಿಯಾಗಿದ್ದಾರೆ. ಬೇರೆ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡು ಈ ಸಲ ಪೂರ್ತಿ ಜಾಗ ಇದಕ್ಕೇ ಕೊಟ್ಟಿದ್ದೇನೆ. ನಾನು ಫಿಸಿಯೋಥೆರಪಿಸ್ಟ್, ದಿನಾ ಹತ್ತಾರು ಬೆನ್ನು ಮುಟ್ಟಿ ನೋಡುವವಳು. ಪತ್ರದಲ್ಲಿ ಮುಟ್ಟಿ ನೋಡಲು ಆಗುವುದಿಲ್ಲ. ಹಾಗಾಗಿ ಎಲ್ಲಿ ಡಾಕ್ಟರ್ ಹತ್ತಿರ ಹೋಗಿ ಅಂದಿದ್ದೇನೋ ಅಲ್ಲಿ ದಯವಿಟ್ಟು ಹೋಗಿ.

ಪ್ರಶ್ನೆ: ವಯಸ್ಸು 34. ಹುಬ್ಬಳ್ಳಿ ವಿದ್ಯಾನಗರದಲ್ಲಿ ಮನೆ. ದಿನಕ್ಕೆ ಎಂಟು ತಾಸು ಕೌಂಟರ್‌ನಲ್ಲಿ ಕೂತು ಮಾಡುವ ಕೆಲಸ. ಹತ್ತು ವಾರದ ಹಿಂದೆ ಜಿಮ್ ಸೇರಿದೆ. ವಾರಕ್ಕೆ ಎರಡು ದಿನ ಡೆಡ್‌ಲಿಫ್ಟ್ (ಬಾಗಿ ನೆಲದ ಮೇಲಿನ ಭಾರದ ಬಾರ್ ಎತ್ತಿ ನಿಲ್ಲುವುದು) ಮಾಡುತ್ತೇನೆ, ಈಗ 60 ಕೆಜಿಗೆ ಬಂದಿದ್ದೇನೆ. ಹೋದ ಭಾನುವಾರ ಹೆಂಡತಿ ಬೆನ್ನಿಗೆ ಎಣ್ಣೆ ಹಚ್ಚುವಾಗ ‘ಇದೇನ್ರೀ ಇಲ್ಲಿ’ ಅಂದಳು. ಬೆನ್ನುಮೂಳೆಯ ಎರಡೂ ಕಡೆ ಉದ್ದಕ್ಕೆ ದಿಂಡಿನ ಹಾಗೆ ಉಬ್ಬಿದೆ, ನಡುವೆ ಕಾಲುವೆ ತೋಡಿದ ಹಾಗೆ ತಗ್ಗು, ಕೆಳಗೆ ಎರಡು ಗುಳಿ. ಬಲಗಡೆಯ ದಿಂಡು ಎಡಕ್ಕಿಂತ ಸ್ವಲ್ಪ ದಪ್ಪ. ನೋವಿಲ್ಲ, ಜಿಮ್ ಮಾಡಿದ ಮರುದಿನ ಬಿಗಿಯುತ್ತದೆ ಅಷ್ಟೇ. ಅವ್ವ ‘ಎಲುಬು ಸರದೈತಿ, ಅದನ್ನ ಬಿಟ್ಟಬಿಡು’ ಅಂತಾಳೆ. ಗೆಳೆಯ ಎಂಆರ್‌ಐ ಮಾಡಿಸು, ಬೆಲ್ಟ್ ಹಾಕು ಅಂತಾನೆ. ಏನು ಮಾಡಲಿ?

ಉತ್ತರ: ನೀವು ಬರೆದದ್ದನ್ನು ನೋಡಿದರೆ ಎಲುಬು ಸರಿದಂತೆ ಅನಿಸುವುದಿಲ್ಲ. ಇದನ್ನು ಮೊದಲು ಅವ್ವನಿಗೆ ಹೇಳಿ, ಪಾಪ, ಅವರಿಗೆ ಸರಿಯಾಗಿ ನಿದ್ದೆ ಬಂದಿರಲಿಕ್ಕಿಲ್ಲ.

ಆ ದಿಂಡುಗಳು ಸ್ನಾಯು. ಬೆನ್ನುಮೂಳೆಯ ಎರಡೂ ಮಗ್ಗುಲಿಗೆ ಕುತ್ತಿಗೆಯಿಂದ ಟೊಂಕದವರೆಗೆ, ಹುರಿ ಮಾಡಿದ ಹಗ್ಗದ ಹಾಗೆ, ಸ್ನಾಯುಗಳು ಇಳಿದು ಬಂದಿವೆ. ನೆಟ್ಟಗೆ ನಿಲ್ಲುವುದು, ಬಾಗಿದವರು ಮೇಲೇಳುವುದು ಎಲ್ಲ ಅವುಗಳ ಬಲದಿಂದ. ಡೆಡ್‌ಲಿಫ್ಟ್‌ನಲ್ಲಿ ಪಿರ್ರೆ, ತೊಡೆಯ ಜತೆಗೆ ಚೆನ್ನಾಗಿ ದುಡಿಯುವುದು ಇವೇ. ವ್ಯಾಯಾಮ ಶುರುವಾದ ಮೊದಲ ಮೂರು ನಾಲ್ಕು ವಾರ ಸ್ನಾಯು ಅಷ್ಟೇನೂ ದಪ್ಪ ಆಗುವುದಿಲ್ಲ. ಆಗ ಎತ್ತುವ ಭಾರ ಏರಿದರೂ ಅದು ಹೆಚ್ಚಾಗಿ ನರಗಳು ಆ ಕೆಲಸ ಕಲಿತಿದ್ದರಿಂದ. ಕಣ್ಣಿಗೆ ಕಾಣುವಷ್ಟು ಬೆಳೆಯುವುದು ಎಂಟು ಹತ್ತು ವಾರದ ಹೊತ್ತಿಗೆ. ನಿಮ್ಮದು ಹತ್ತನೇ ವಾರ. ಲೆಕ್ಕ ಸರಿಯಾಗಿ ಕೂಡುತ್ತದೆ ಅಲ್ವಾ? ಎರಡೂ ಬದಿ ಮೇಲೆದ್ದರೆ ನಡುವಿನ ಮೂಳೆಯ ಸಾಲು ತಗ್ಗಿಗೆ ಬಿದ್ದಂತೆ ಕಾಣುತ್ತದೆ. ಮೂಳೆ ಇದ್ದಲ್ಲೇ ಇದೆ. ನಿಮ್ಮ ಅವ್ವ ಜಾತ್ರೆಯ ಕುಸ್ತಿ ನೋಡಿದ್ದರೆ ಅವರಿಗೆ ಬೇಗ ತಿಳಿಯುತ್ತದೆ. ಗರಡಿಮನೆಯಲ್ಲಿ ದಂಡ, ಬೈಠಕ್ ಹೊಡೆದು ಬೆಳೆದ ಪೈಲ್ವಾನ ಬಾಗಿ ಮಣ್ಣು ಮುಟ್ಟುವಾಗ ಅವನ ಬೆನ್ನ ಮೇಲೆ ಕಾಣುವುದು ಇದೇ ಕಾಲುವೆ, ಇದೇ ದಿಂಡು.

ಕೆಳಗಿನ ಗುಳಿಗಳು ಹೊಸವಲ್ಲ. ಸೊಂಟದ ಎಲುಬಿನ ಹಿಂದಿನ ಮೂಲೆ ಅಲ್ಲಿ ಚರ್ಮಕ್ಕೆ ತೀರಾ ಹತ್ತಿರ ಬರುತ್ತದೆ. ಒಂದು ಚಿಕ್ಕ ನಾರಿನ ಪಟ್ಟಿ ಚರ್ಮವನ್ನು ಅಲ್ಲಿಗೆ ಎಳೆದು ಹಿಡಿದಿರುತ್ತದೆ. ಕೆಲವರಿಗೆ ಅದು ಚಿಕ್ಕಂದಿನಿಂದಲೇ ಎದ್ದು ಕಾಣುತ್ತದೆ, ಕೆಲವರಿಗೆ ಕೊಬ್ಬಿನಡಿ ಮುಚ್ಚಿರುತ್ತದೆ. ನಿಮ್ಮದು ಈಗ ತೆರೆದುಕೊಂಡಿದೆ.

ಇನ್ನೊಂದು ಮಾತು ಕೇಳುತ್ತೇನೆ. ಈ ಹತ್ತು ವಾರಕ್ಕಿಂತ ಮುಂಚೆ ನೀವು ನಿಮ್ಮ ಬೆನ್ನನ್ನು ಯಾವತ್ತಾದರೂ ನೋಡಿದ್ದೀರಾ? ಮುಖ ದಿನಾ ನೋಡುತ್ತೇವೆ, ಹೊಟ್ಟೆ ನೋಡುತ್ತೇವೆ, ಬೆನ್ನು ಯಾರೂ ನೋಡಿಕೊಳ್ಳುವುದಿಲ್ಲ. ವ್ಯಾಯಾಮ ಶುರು ಮಾಡಿದ ಮೇಲೆ ಜಿಮ್ಮಿನ ಕನ್ನಡಿಯಲ್ಲಿ, ಮೊಬೈಲ್ ಫೋಟೋದಲ್ಲಿ ಮೊದಲ ಸಲ ಕಾಣುತ್ತದೆ. ಹುಟ್ಟಿನಿಂದ ಇದ್ದ ಮಚ್ಚೆ, ಇಪ್ಪತ್ತು ವರ್ಷದಿಂದ ಇದ್ದ ಓರೆ ಎಲ್ಲವೂ ನಿನ್ನೆ ಬಂದದ್ದು ಅನಿಸುತ್ತದೆ. ನನ್ನ ಹತ್ತಿರ ‘ಹೊಸ ಗಂಟು’ ಅಂತ ಬಂದ ಎಷ್ಟೋ ಜನ ಬೆರಳಿಟ್ಟು ತೋರಿಸಿದ್ದು ಸೊಂಟದ ಎಲುಬಿನ ತುದಿಯನ್ನೇ. ಹಳೇ ಫೋಟೋ ಇದ್ದರೆ ಹುಡುಕಿ, ಕೆರೆಯಲ್ಲಿ ಈಜಿದ್ದೋ ಮದುವೆಯಲ್ಲಿ ಅರಿಶಿನ ಹಚ್ಚಿದ್ದೋ. ಬಹಳ ಸಲ ಉತ್ತರ ಅಲ್ಲೇ ಸಿಗುತ್ತದೆ.

ಆದರೂ ಮನಸ್ಸಿಗೆ ಖಾತ್ರಿ ಬೇಕು. ಚಾಪೆಯ ಮೇಲೆ ಬೋರಲು ಮಲಗಿ, ಕೈ ಎರಡೂ ಪಕ್ಕಕ್ಕೆ ಸಡಿಲ ಬಿಡಿ. ನಿಮ್ಮ ಮನೆಯವರು ಎರಡೂ ಹೆಬ್ಬೆರಳನ್ನು ಮೂಳೆಯ ಆಚೀಚೆ ದಿಂಡಿನ ಮೇಲೆ ಇಟ್ಟು ಮೆಲ್ಲಗೆ ಒತ್ತಲಿ. ಈಗ ಅದು ಮೆತ್ತಗೆ, ನಾದಿದ ಹಿಟ್ಟಿನ ಹಾಗೆ ಇರಬೇಕು. ಆಮೇಲೆ ನೀವು ತಲೆ ಮತ್ತು ಎದೆಯನ್ನು ನೆಲದಿಂದ ಎರಡು ಬೆರಳಷ್ಟು ಎತ್ತಿ. ಅವರ ಹೆಬ್ಬೆರಳಿನ ಕೆಳಗೆ ಅದೇ ದಿಂಡು ಗಟ್ಟಿಯಾಗಿ ಮೇಲೆ ತಳ್ಳುತ್ತದೆ. ತಲೆ ಇಳಿಸಿದರೆ ಮತ್ತೆ ಮೆತ್ತಗೆ. ಹೀಗೆ ಗಟ್ಟಿ, ಮೆತ್ತಗೆ ಆಗುವುದು ಸ್ನಾಯು ಮಾತ್ರ. ಕೊಬ್ಬಿನ ಗಂಟು ಹಾಗಲ್ಲ. ಅದು ಎರಡೂ ಹೊತ್ತು ಒಂದೇ ತರ ಇರುತ್ತದೆ, ಬೆರಳಿನಡಿ ಅತ್ತಿತ್ತ ಜಾರುತ್ತದೆ, ಸಾಮಾನ್ಯವಾಗಿ ನೋವಿರುವುದಿಲ್ಲ, ಅದಕ್ಕೂ ಭಯ ಬೇಕಿಲ್ಲ. ಗಂಟು ಕಲ್ಲಿನ ಹಾಗೆ ಗಟ್ಟಿಯಿದ್ದು ಜಾರದೆ ಕೂತಿದ್ದರೆ, ಅಥವಾ ತಿಂಗಳಿಂದ ತಿಂಗಳಿಗೆ ಬೆಳೆಯುತ್ತಿದ್ದರೆ, 5 ಸೆಂಟಿಮೀಟರ್‌ಗಿಂತ ದೊಡ್ಡದಿದ್ದರೆ ತೋರಿಸಲೇಬೇಕು.

ಬಲಗಡೆ ದಪ್ಪ ಇರುವುದಕ್ಕೆ ಇನ್ನೊಂದು ಪರೀಕ್ಷೆ. ಎರಡೂ ಪಾದ ಜೋಡಿಸಿ ನಿಂತು, ಮೊಣಕಾಲು ಮಡಚದೆ, ಅಂಗೈ ಜೋಡಿಸಿ ಕೈ ಜೋಲು ಬಿಟ್ಟು ಮುಂದಕ್ಕೆ ಬಾಗಿ. ಹಿಂದೆ ನಿಂತವರು ಬೆನ್ನಿನ ಮಟ್ಟಕ್ಕೆ ಕಣ್ಣಿಟ್ಟು ನೋಡಲಿ. ಒಂದು ಕಡೆಯ ಪಕ್ಕೆ ಅಥವಾ ಟೊಂಕ ಗುಡ್ಡದ ಹಾಗೆ ಸ್ಪಷ್ಟವಾಗಿ ಮೇಲಿದ್ದರೆ ಬೆನ್ನುಮೂಳೆಯಲ್ಲೇ ಸ್ವಲ್ಪ ತಿರುವು ಇರಬಹುದು, ಒಮ್ಮೆ ಎಕ್ಸ್‌ರೇ ಒಳ್ಳೆಯದು. ಅದೂ ಜಿಮ್‌ನಿಂದ ಬಂದದ್ದಲ್ಲ, ಹೆಚ್ಚಿನವರಿಗೆ ಬೆಳೆಯುವ ವಯಸ್ಸಿನಲ್ಲಿ ಬಂದಿರುತ್ತದೆ. ಬಾಗಿದಾಗ ಎರಡೂ ಕಡೆ ಸಮ ಇದ್ದರೆ ವ್ಯತ್ಯಾಸ ಸ್ನಾಯುವಿನದು. ನೀವು ಬಾರ್ ಹಿಡಿಯುವಾಗ ಒಂದು ಅಂಗೈ ಮುಂದೆ, ಒಂದು ಅಂಗೈ ಹಿಂದೆ ಮಾಡಿ ಹಿಡಿಯುತ್ತೀರಾ? ಹಾಗಿದ್ದರೆ ಪ್ರತಿ ಸೆಟ್‌ಗೆ ಕೈ ಅದಲುಬದಲು ಮಾಡಿ. ಲ್ಯಾಪ್‌ಟಾಪ್ ಚೀಲ ಯಾವಾಗಲೂ ಒಂದೇ ಹೆಗಲಿಗೆ ಬೇಡ.

ಎಂಆರ್‌ಐ ಈಗ ಬೇಡ ಅನ್ನುತ್ತೇನೆ, ದುಡ್ಡಿನ ಮಾತಿಗಲ್ಲ. 2015ರಲ್ಲಿ ಪ್ರಕಟವಾದ ಒಂದು ದೊಡ್ಡ ವಿಶ್ಲೇಷಣೆಯಲ್ಲಿ ಬೆನ್ನುನೋವೇ ಇಲ್ಲದ 3,110 ಜನರ ಸ್ಕ್ಯಾನ್ ವರದಿಗಳನ್ನು ಒಟ್ಟುಗೂಡಿಸಿ ನೋಡಿದ್ದರು. 30ರ ವಯಸ್ಸಿನವರಲ್ಲಿ 100ಕ್ಕೆ 40 ಮಂದಿಗೆ ಡಿಸ್ಕ್, ಅಂದರೆ ಬೆನ್ನುಮೂಳೆಯ ಮಣಿಗಳ ನಡುವಿನ ಮೆತ್ತೆ, ಉಬ್ಬಿತ್ತು, 50ರವರಲ್ಲಿ 60 ಮಂದಿಗೆ. ಅವರಿಗೆ ಯಾವ ನೋವೂ ಇರಲಿಲ್ಲ! ನೀವು ಈಗ ಸ್ಕ್ಯಾನ್ ಮಾಡಿಸಿದರೆ ‘ಡಿಸ್ಕ್ ಬಲ್ಜ್’ ಅಂತ ಒಂದು ಸಾಲು ಬರುವ ಸಾಧ್ಯತೆ ಸಾಕಷ್ಟಿದೆ. ಆ ಸಾಲು ಓದಿದ ದಿನದಿಂದ ನೀವು ಬಾಗಲು ಹೆದರುತ್ತೀರಿ, ಮಗುವನ್ನು ಎತ್ತಲು ಹೆದರುತ್ತೀರಿ. ಒಂದು ಕಾಗದ ನೋಡಿ ನಡಿಗೆಯೇ ಬದಲಾದವರನ್ನು ನಾನು ಕಂಡಿದ್ದೇನೆ, ಅದಕ್ಕೇ ಇಷ್ಟು ಒತ್ತಿ ಹೇಳುವುದು. ದಿನವಿಡೀ ಕಟ್ಟಿಕೊಳ್ಳುವ ಬೆಲ್ಟ್ ಕೂಡ ಬೇಡ. ಹಳೇ ಟೊಂಕನೋವು ಇರುವವರಿಗೇ ಬೆಲ್ಟನ್ನು ವಾಡಿಕೆಯಾಗಿ ಕೊಡಬೇಡಿ ಅಂತ ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ, ನಿಮಗೆ ನೋವೇ ಇಲ್ಲ.

ಮರುದಿನದ ಬಿಗಿತ ಸಹಜ. ಹೊಸ ಕೆಲಸ ಕೊಟ್ಟ ಸ್ನಾಯು 12ರಿಂದ 24 ತಾಸಿನ ಮೇಲೆ ನೋಯಲು ಶುರುವಾಗುತ್ತದೆ, ಎರಡು ಮೂರು ದಿನಕ್ಕೆ ಜೋರಾಗುತ್ತದೆ, ವಾರದೊಳಗೆ ಇಳಿಯುತ್ತದೆ. ಎರಡೂ ಕಡೆ ಅಗಲಕ್ಕೆ ಇರುತ್ತದೆ. ಭಾರ ಎತ್ತುವ ಆ ಕ್ಷಣದಲ್ಲೇ ಚುಚ್ಚಿದಂತಾದರೆ, ಒಂದೇ ಬೆರಳಿಟ್ಟು ತೋರಿಸುವಷ್ಟು ಒಂದೇ ಜಾಗದಲ್ಲಿ ಇದ್ದರೆ, ಅಥವಾ ಪಿರ್ರೆಯಿಂದ ಮೊಣಕಾಲು ದಾಟಿ ಪಾದಕ್ಕೆ ಇಳಿದರೆ ಅದು ಬೇರೆ. ಆಗ ನಿಲ್ಲಿಸಿ, ತೋರಿಸಿ.

ಈಗ ಎರಡು ವಾರ 60 ಕೆಜಿಯಲ್ಲೇ ಇರಿ. ಗೆಳೆಯನಿಗೆ ಹೇಳಿ ಪಕ್ಕದಿಂದ ವಿಡಿಯೋ ಮಾಡಿಸಿ. ಬಾರ್ ಮೊಣಕಾಲ ಕೆಳಗಿನ ಎಲುಬಿಗೆ ಸವರಿಕೊಂಡೇ ಮೇಲೆ ಬರಬೇಕು. ಎರಡೂ ಕೈಯಲ್ಲಿ ಕೊಡ ಇದ್ದಾಗ ಹಿಂಬದಿಯಿಂದ ಬಾಗಿಲು ತಳ್ಳುತ್ತೀವಲ್ಲ, ಹಾಗೆ ಸೊಂಟ ಹಿಂದಕ್ಕೆ ಹೋಗಬೇಕು, ಬೆನ್ನು ಗೂನಾಗಬಾರದು. ಅಷ್ಟು ನೋಡಿಕೊಂಡು ಮುಂದುವರಿಸಿ.

ಪ್ರಶ್ನೆ: ಗದಗ-ಬೆಟಗೇರಿಯಿಂದ ಬರೆಯುತ್ತಿದ್ದೇನೆ. ವಯಸ್ಸು 46. ಮನೆಯಲ್ಲಿ ಮಗ್ಗ ಇದೆ, ಹಗಲು ಅದರ ಮುಂದೆ ಕೂರುತ್ತೇನೆ. ಎರಡು ತಿಂಗಳಿಂದ ಬೆಳಗ್ಗೆ ಐದೂವರೆಗೆ ಎದ್ದು ಮುಖ ತೊಳೆದು ನೇರ 24 ಸುತ್ತು ಸೂರ್ಯನಮಸ್ಕಾರ ಮಾಡುತ್ತೇನೆ. ತೂಕ ಇಳಿದಿದೆ. ಆದರೆ ಟೊಂಕ ಒಳಗೆ ಬಾಗಿ ಹೊಟ್ಟೆ ಮುಂದೆ ಬಂದಂತೆ ಕಾಣುತ್ತಿದೆ. ಹಿಂದಕ್ಕೆ ಬಾಗಿದರೆ ಕೆಳಗೆ ಒಂದು ಕಡೆ ಹಿಂಡಿದಂತೆ ಆಗುತ್ತದೆ. ಒಳಗೆ ಲಟಕ್ ಅಂತ ಸದ್ದೂ ಬರುತ್ತದೆ.

ಉತ್ತರ: ಅಕ್ಕಾ, ಎರಡು ತಿಂಗಳು ತಪ್ಪದೆ ಮಾಡಿದ್ದೀರಲ್ಲ, ದೊಡ್ಡ ಮಾತು. ಸದ್ದಿನ ಚಿಂತೆ ಮೊದಲು ಬಿಡಿ, ನೋವಿಲ್ಲದೆ ಬರುವ ಲಟಕ್ ಸದ್ದು ಬೆರಳು ನೆಟಿಕೆ ಮುರಿದ ಹಾಗೆಯೇ, ಕೀಲಿನೊಳಗಿನ ಗಾಳಿಗುಳ್ಳೆಯದು.

ಹಿಂಡುವುದರ ಬಗ್ಗೆ ಒಂದು ಲೆಕ್ಕ ಹಾಕೋಣ. ಹನ್ನೆರಡು ಹಂತದ ಸೂರ್ಯನಮಸ್ಕಾರದಲ್ಲಿ ಒಂದು ಸುತ್ತಿಗೆ ಎರಡು ಸಲ ಪೂರ್ತಿ ಮುಂದೆ ಬಾಗುತ್ತೀರಿ. ಕೈ ಮೇಲೆತ್ತಿ ಎರಡು ಸಲ, ಭುಜಂಗಾಸನದಲ್ಲಿ ಒಂದು ಸಲ, ಒಟ್ಟು ಮೂರು ಸಲ ಹಿಂದೆ ಬಾಗುತ್ತೀರಿ. 24 ಸುತ್ತಿಗೆ 48 ಸಲ ಮುಂದೆ, 72 ಸಲ ಹಿಂದೆ. ಅದೂ ಹಾಸಿಗೆ ಬಿಟ್ಟು ಎದ್ದ ಹತ್ತೇ ನಿಮಿಷದಲ್ಲಿ. ರಾತ್ರಿ ಮಲಗಿದಾಗ ಬೆನ್ನಿನ ಡಿಸ್ಕ್‌ಗಳು ನೀರು ಹೀರಿ ಉಬ್ಬುತ್ತವೆ. ಬೆಳಗ್ಗೆ ಅಳೆದರೆ ನಾವು ರಾತ್ರಿಗಿಂತ ಒಂದು ಸೆಂಟಿಮೀಟರ್‌ಗೂ ಜಾಸ್ತಿ ಎತ್ತರ ಇರುತ್ತೇವೆ, ಅದು ಈ ನೀರಿನ ಎತ್ತರ. ನೆನೆಸಿಟ್ಟ ಕಡಲೆಯ ಹಾಗೆ ಬಿರುಸಾಗಿ ತುಂಬಿರುವ ಆ ಹೊತ್ತಿನಲ್ಲಿ ಮುಂದೆ ಬಾಗಿದರೆ ಡಿಸ್ಕ್ ಮೇಲೆ ಒತ್ತಡ ಜಾಸ್ತಿ. ಹಳೇ ಟೊಂಕನೋವು ಇದ್ದವರಿಗೆ ಬೆಳಗಿನ ಹೊತ್ತು ಮುಂದೆ ಬಾಗುವುದನ್ನು ಕಡಿಮೆ ಮಾಡಿಸಿದರೆ ನೋವು ತಗ್ಗುತ್ತದೆ ಅಂತ 1998ರಲ್ಲಿ ಪ್ರಕಟವಾದ ಒಂದು ಅಧ್ಯಯನ ತೋರಿಸಿತು. ಆದ್ದರಿಂದ ಎದ್ದ ಮೇಲೆ ಮುಕ್ಕಾಲು ತಾಸು ಓಡಾಡಿ. ಅಂಗಳ ಗುಡಿಸಿ, ಆದರೆ ಬಗ್ಗಿ ಅಲ್ಲ, ಉದ್ದ ಹಿಡಿಯ ಕಸಬರಿಗೆ ಇರಲಿ. ಚಹಾ ಕುಡಿಯಿರಿ. ಆಮೇಲೆ ಶುರು ಮಾಡಿ.

ಎರಡನೆಯದು ಮಗ್ಗ. ತಾಸುಗಟ್ಟಲೆ ಕೂತವರಿಗೆ ತೊಡೆಸಂದಿನ ಮುಂದಿನ ಸ್ನಾಯುಗಳು ಬಿಗಿದಿರುತ್ತವೆ. ಹಿಂದೆ ಬಾಗುವಾಗ ಸೊಂಟ ಬಿಚ್ಚಿಕೊಳ್ಳದಿದ್ದರೆ ಆ ಬಾಗೆಲ್ಲ ಟೊಂಕದ ಕೊನೆಯ ಒಂದೆರಡು ಕೀಲಿಗೇ ಬೀಳುತ್ತದೆ. ಹಿಂಡಿದಂತೆ ಆಗುವುದು ಅದಕ್ಕೇ ಇರಬೇಕು. ಭುಜಂಗಾಸನದಲ್ಲಿ ಕೈ ಪೂರ್ತಿ ನೆಟ್ಟಗೆ ಮಾಡಬೇಡಿ, ಮೊಣಕೈ ನೆಲಕ್ಕೇ ಇರಲಿ, ಎದೆ ಅಷ್ಟೇ ಏಳಲಿ. ಒಂದು ತಿಂಗಳು 24ರ ಬದಲು 8 ಸುತ್ತು ಸಾಕು, ನಿಧಾನಕ್ಕೆ. ಮಗ್ಗದ ಮುಂದೆ ಅರ್ಧ ತಾಸಿಗೊಮ್ಮೆ ಎದ್ದು ನಿಲ್ಲಿ. ನಿಮ್ಮ ಕ್ಲಾಸಿನವರು ಲೆಕ್ಕ ಕಡಿಮೆ ಮಾಡಬೇಡಿ ಅನ್ನಬಹುದು, ಆದರೂ ನಾನು ಹೇಳುವುದು ಇದನ್ನೇ.

ಹೊಟ್ಟೆ ಮುಂದೆ ಬಂದಂತೆ ಕಾಣುವುದನ್ನು ಗೋಡೆಗೆ ನಿಂತು ನೋಡಿ. ತಲೆ, ಬೆನ್ನು, ಪಿರ್ರೆ ಗೋಡೆಗೆ ತಾಗಲಿ. ಟೊಂಕದ ಹಿಂದಿನ ಸಂದಿಯಲ್ಲಿ ಅಂಗೈ ಚಪ್ಪಟೆಯಾಗಿ ಹೋದರೆ ಅದು ಎಲ್ಲರಿಗೂ ಇರುವ ಬಾಗು. ಮುಷ್ಟಿ ಕಟ್ಟಿದ ಕೈ ಸಲೀಸಾಗಿ ಹಾದುಹೋದರೆ ಬಾಗು ಜಾಸ್ತಿ, ಕ್ಲಾಸಿನಲ್ಲಿ ‘ಎದೆ ಮುಂದೆ’ ಅಂದದ್ದನ್ನು ದಿನವಿಡೀ ಹಿಡಿದುಕೊಂಡು ನಿಂತಿರಬಹುದು. ಮುಟ್ಟು ನಿಲ್ಲುವ ವಯಸ್ಸು ಹತ್ತಿರ ಬಂದಿದೆ, ಅದಕ್ಕೆ ಒಂದು ಎಚ್ಚರಿಕೆ: ಬಾಗಿದಾಗ ಒಮ್ಮೆಲೇ ಜೋರು ನೋವು ಬಂದು ಮಲಗಿದರೂ ಇಳಿಯದಿದ್ದರೆ ಮೂಳೆಯ ಗಟ್ಟಿತನ ಪರೀಕ್ಷೆ ಮಾಡಿಸಿ.

ಪ್ರಶ್ನೆ: ಶಿಗ್ಗಾವಿ, 29 ವರ್ಷ. ಊರಿನ ಹುಡುಗರ ಜತೆ ಭಾರ ಎತ್ತಲು ಶುರು ಮಾಡಿ ಮೂರು ವಾರ. ಮೊನ್ನೆ ಚಳಕು ಹಿಡಿಯಿತು. ಈಗ ನಿಂತರೆ ಮೈ ಎಡಕ್ಕೆ ವಾಲಿದೆ, ಕನ್ನಡಿಯಲ್ಲಿ ಸೊಂಟ ಒಂದು ಕಡೆ ಸರಿದಂತೆ ಕಾಣುತ್ತದೆ. ಕಾಲು ಮುಂದಾಗಿ ಹುಟ್ಟಿದವರ ಕಡೆಯಿಂದ ಒದೆಸಿಕೊಂಡರೆ ಹೋಗುತ್ತದೆ ಅಂತಾರೆ. ಒದೆಸಿಕೊಳ್ಳಲಾ?

ಉತ್ತರ: ಬೇಡ. ಖಂಡಿತ ಬೇಡ.

ಮೈ ವಾಲಿರುವುದು ಸ್ನಾಯು ಸೆಟೆದುಕೊಂಡು ನೋವಿನ ಜಾಗವನ್ನು ಕಾಪಾಡುತ್ತಿರುವುದರಿಂದ. ನೋಡಲು ಭಯವಾಗುತ್ತದೆ, ಆದರೆ ಹೆಚ್ಚಿನವರಿಗೆ ಕೆಲವು ದಿನದಿಂದ ಕೆಲವು ವಾರದೊಳಗೆ ತಾನೇ ನೆಟ್ಟಗಾಗುತ್ತದೆ. ಅಂಗಾತ ಮಲಗಿ ಮೀನಖಂಡವನ್ನು ಕುರ್ಚಿಯ ಮೇಲೆ ಇಟ್ಟುಕೊಳ್ಳಿ, ಹತ್ತು ನಿಮಿಷಕ್ಕೆ ಉಸಿರು ಸಲೀಸಾಗುತ್ತದೆ. ಉಪ್ಪಿನ ಗಂಟಿನ ಶಾಖ ಕೊಡಬಹುದು. ಆದರೆ ಹಾಸಿಗೆ ಹಿಡಿಯಬೇಡಿ. 1986ರಲ್ಲೇ ಅಮೆರಿಕದಲ್ಲಿ ಟೊಂಕನೋವಿನವರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಎರಡು ದಿನ, ಇನ್ನೊಂದಕ್ಕೆ ಏಳು ದಿನ ಮಲಗಲು ಹೇಳಿದ್ದರು. ಏಳು ದಿನ ಮಲಗಿ ಅಂದವರಿಗೆ ಹೆಚ್ಚಿನ ಲಾಭ ಏನೂ ಆಗಲಿಲ್ಲ, ಅವರ ಕೆಲಸದ ದಿನಗಳು ಮಾತ್ರ ಜಾಸ್ತಿ ಹೋದವು. ಮನೆಯೊಳಗೆ ತಾಸಿಗೊಮ್ಮೆ ಐದು ನಿಮಿಷ ನಡೆಯಿರಿ. ಹತ್ತು ಹದಿನೈದು ದಿನಕ್ಕೂ ವಾಲಿದ್ದು ಸರಿಯಾಗದಿದ್ದರೆ ತೋರಿಸಿ.

ಒದೆಸಿಕೊಳ್ಳುವ ಮಾತಿಗೆ ನನಗೆ ಯಾಕೆ ಇಷ್ಟು ಸಂಕಟ ಅಂದರೆ, ನಮ್ಮ ಸೋದರಮಾವ. ಗೋವಿನಜೋಳದ ಚೀಲ ಎತ್ತುವಾಗ ಅವರಿಗೆ ಹೀಗೇ ಚಳಕು ಹಿಡಿಯಿತು. ಒಬ್ಬರು ಬೆನ್ನ ಮೇಲೆ ನಿಂತು ತುಳಿದರು. ಮರುದಿನ ಎರಡೂ ಕಾಲು ಝುಂ ಅನ್ನುತ್ತಿತ್ತು. ಆಮೇಲೆ ಮೂತ್ರ ಕಟ್ಟಿತು. ಮಾವ ನಾಚಿಕೆಗೆ ಯಾರಿಗೂ ಹೇಳಲಿಲ್ಲ. ಅತ್ತೆ ಬಿಸಿಲಿನ ಕಾವು ಅಂತ ಬಾರ್ಲಿ ನೀರು ಮಾಡಿ ಕುಡಿಸಿದರು. ನಾಲ್ಕನೇ ದಿನ ಹುಬ್ಬಳ್ಳಿಗೆ ಕರೆತಂದಾಗ ಆಪರೇಶನ್ ಆಯಿತು, ಪ್ರಾಣಕ್ಕೇನೂ ಆಗಲಿಲ್ಲ. ಆದರೆ ಬಲಪಾದ ಇವತ್ತಿಗೂ ಎತ್ತಲು ಬರುವುದಿಲ್ಲ. ನಡೆದರೆ ಚಪ್ಪಲಿಯ ಮುಂಭಾಗ ನೆಲಕ್ಕೆ ಉಜ್ಜುತ್ತದೆ. ಆ ಸರ್ ಸರ್ ಸದ್ದು ಕೇಳಿದಾಗಲೆಲ್ಲ ಆ ನಾಲ್ಕು ದಿನ ನೆನಪಾಗುತ್ತವೆ.

ಬೆನ್ನುಹುರಿ ಮುಗಿದ ಮೇಲೆ ಕೆಳಗೆ ನರಗಳ ಒಂದು ಕುಚ್ಚು ಇದೆ. ದೊಡ್ಡದಾಗಿ ಸರಿದ ಡಿಸ್ಕ್ ಅದನ್ನು ಒತ್ತಿದರೆ ಒಂದೆರಡು ದಿನದೊಳಗೆ ಒತ್ತಡ ಬಿಡಿಸಬೇಕು, ತಡವಾದಷ್ಟೂ ಹೋದ ಶಕ್ತಿ ವಾಪಸ್ ಬರುವುದು ಕಷ್ಟ. ಮೂತ್ರ ಬರದೆ ಕಟ್ಟುವುದು, ಇಲ್ಲಾ ಗೊತ್ತಿಲ್ಲದೆ ಹೋಗುವುದು, ಮಲದ ಹಿಡಿತ ತಪ್ಪುವುದು, ಸೈಕಲ್ ಸೀಟಿಗೆ ತಾಗುವ ಜಾಗದಲ್ಲಿ ಸ್ಪರ್ಶ ಗೊತ್ತಾಗದಿರುವುದು, ಕಾಲಿನ ಬಲ ಕಡಿಮೆಯಾಗುತ್ತಾ ಹೋಗುವುದು. ಇದರಲ್ಲಿ ಒಂದು ಕಂಡರೂ ಬೆಳಗಾಗಲಿ ಅನ್ನಬೇಡಿ. ರಾತ್ರಿ ಎರಡು ಗಂಟೆಗಾದರೂ ದೊಡ್ಡಾಸ್ಪತ್ರೆಯ ಎಮರ್ಜೆನ್ಸಿಗೆ ಹೋಗಿ, ಹೋದ ತಕ್ಷಣ ಮೂತ್ರದ ಮಾತನ್ನೇ ಮೊದಲು ಹೇಳಿ. ಟೊಂಕನೋವಿನ ಜತೆ ಜ್ವರ, ರಾತ್ರಿ ಬೆವರು, ಸುಮ್ನೆ ತೂಕ ಇಳಿಯುವುದು ಇದ್ದರೂ ವ್ಯಾಯಾಮದ ನೋವು ಅಂತ ತಳ್ಳಿಹಾಕಬೇಡಿ. ನಮ್ಮಲ್ಲಿ ಬೆನ್ನುಮೂಳೆಗೆ ಕ್ಷಯ ಬರುವುದು ಇನ್ನೂ ಇದೆ.

ಪ್ರಶ್ನೆ: ರಾಣೇಬೆನ್ನೂರು. ವಯಸ್ಸು 19. ಪೊಲೀಸ್ ಭರ್ತಿಗೆ ತಯಾರಿ ನಡೆಸಿದ್ದೇನೆ. ದಿನಾ ಓಟ, ಮಾಳಿಗೆಯ ಮೇಲೆ 150 ಸಿಟ್‌ಅಪ್. ಬೆನ್ನುಮೂಳೆಯ ಕೆಳತುದಿಯಲ್ಲಿ ಚರ್ಮ ಕಪ್ಪಾಗಿ ದಪ್ಪ ಆಗಿದೆ. ಒಂದು ತಿಂಗಳಿಂದ ಟೊಂಕದ ಎಡಗಡೆ ನೋವು, ಹಿಂದೆ ವಾಲಿದರೆ, ಓಡಿದರೆ ಜಾಸ್ತಿ. ಮನೆಯಲ್ಲಿ ಹೇಳಿಲ್ಲ.

ಉತ್ತರ: ತಮ್ಮಾ, ಕಪ್ಪಾದದ್ದು ಸಣ್ಣ ವಿಷಯ. ಗಚ್ಚಿನ ನೆಲಕ್ಕೆ ದಿನಾ ಮೂಳೆ ಉಜ್ಜಿದರೆ ಚರ್ಮ ದಪ್ಪವಾಗಿ ಕಪ್ಪಾಗುತ್ತದೆ. ಕೆಳಗೆ ಕಂಬಳಿ ನಾಲ್ಕು ಮಡಿಕೆ ಹಾಕಿಕೋ. ಆದರೆ ಪಿರ್ರೆಯ ಸೀಳು ಶುರುವಾಗುವ ಜಾಗದಲ್ಲಿ ಕುರುವಿನ ಹಾಗೆ ಊದಿ ಕೀವು ಬಂದರೆ ಅದು ಬೇರೆ, ಕೂದಲು ಒಳಗೆ ಸೇರಿ ಆಗುವ ತೊಂದರೆ. ಎರಡನೇ ಮಹಾಯುದ್ಧದಲ್ಲಿ ಜೀಪಿನಲ್ಲಿ ಕುಲುಕಾಡುತ್ತಾ ಹೋಗುತ್ತಿದ್ದ ಅಮೆರಿಕದ ಸೈನಿಕರಿಗೆ ಎಷ್ಟು ಜನಕ್ಕೆ ಇದು ಬಂತೆಂದರೆ ಅದಕ್ಕೆ ಜೀಪ್ ಕಾಯಿಲೆ ಅಂತಲೇ ಹೆಸರಾಯಿತು. ಹಾಗಾದರೆ ಸರ್ಜನ್‌ಗೆ ತೋರಿಸು.

ನನಗೆ ಚಿಂತೆ ಆ ಎಡಗಡೆಯ ನೋವಿನದು. ನಿನ್ನ ವಯಸ್ಸು, ಒಂದೇ ಕಡೆ, ಹಿಂದೆ ವಾಲಿದರೆ ಜಾಸ್ತಿ, ತಿಂಗಳಾದರೂ ಹೋಗಿಲ್ಲ. ನಾಲ್ಕೂ ಸೇರಿದರೆ ಬೆನ್ನುಮೂಳೆಯ ಹಿಂಭಾಗದ ಸಣ್ಣ ಸೇತುವೆಯಂಥ ಎಲುಬಿನಲ್ಲಿ ಕೂದಲೆಳೆಯ ಬಿರುಕು ಇರಬಹುದೇ ಅಂತ ನೋಡಲೇಬೇಕು. ಹೆಚ್ಚಾಗಿ ಟೊಂಕದ ಐದನೇ ಅಂದರೆ ಕೊನೆಯ ಮಣಿಯಲ್ಲಿ ಆಗುತ್ತದೆ. ಬೆಳೆಯುವ ಹುಡುಗರಲ್ಲಿ, ಫಾಸ್ಟ್ ಬೌಲರ್‌ಗಳಲ್ಲಿ ಇದು ಗೊತ್ತಿರುವ ವಿಷಯ. ಶುರುವಿನಲ್ಲಿ ಎಕ್ಸ್‌ರೇಯಲ್ಲಿ ಕಾಣದೆ ಹೋಗಬಹುದು, ಎಕ್ಸ್‌ರೇ ಸರಿಯಿದೆ ಅಂದರೂ ನೋವು ಹೋಗದಿದ್ದರೆ ಮತ್ತೆ ಕೇಳು. ಮೇಲೆ ವಿದ್ಯಾನಗರದವರಿಗೆ ಸ್ಕ್ಯಾನ್ ಬೇಡ ಅಂದೆ, ನಿನಗೆ ಬೇಕಾಗಬಹುದು ಅನ್ನುತ್ತಿದ್ದೇನೆ, ಯಾಕಂದರೆ ಇಬ್ಬರ ಕಥೆ ಬೇರೆ. ಬಿರುಕು ಬೇಗ ಸಿಕ್ಕಿದರೆ ಸುಮಾರು ಮೂರು ತಿಂಗಳು ಓಟ, ಜಿಗಿತ ನಿಲ್ಲಿಸಿ ನಿಧಾನಕ್ಕೆ ಬಲ ಕಟ್ಟಿದರೆ ಬಹಳ ಹುಡುಗರು ಮತ್ತೆ ಮೈದಾನಕ್ಕೆ ಬರುತ್ತಾರೆ. ಮುಚ್ಚಿಟ್ಟು ಓಡಿದರೆ ಈ ಸಲದ ಭರ್ತಿಯ ಜತೆ ಮುಂದಿನದೂ ಕೈತಪ್ಪಬಹುದು. ಇವತ್ತೇ ಅಪ್ಪನಿಗೆ ಹೇಳು. ಬಯ್ಯುತ್ತಾರೆ ಅಂತ ಭಯ ಇದ್ದರೆ ಈ ಪುಟ ತೋರಿಸು.

ಪ್ರಶ್ನೆ: ಹುಬ್ಬಳ್ಳಿ ಕೇಶ್ವಾಪುರದ ಗೃಹಿಣಿ. ಜುಂಬಾ ಸೇರಿದ ಮೇಲೆ ಟೊಂಕ ನೋಯುತ್ತೆ ಅಂತ ದಿನಾ ರಾತ್ರಿ ಬಿಸಿನೀರಿನ ಚೀಲ ಇಟ್ಟುಕೊಂಡೇ ಮಲಗುತ್ತೇನೆ. ಈಗ ಆ ಜಾಗದಲ್ಲಿ ಬಲೆಯ ಹಾಗೆ ಕಂದು ಗೆರೆಗಳು ಬಂದಿವೆ. ತುರಿಕೆ ಇಲ್ಲ.

ಉತ್ತರ: ಜುಂಬಾದಿಂದಲ್ಲ, ಚೀಲದಿಂದ. ಸುಡುವಷ್ಟು ಬಿಸಿ ಇಲ್ಲದಿದ್ದರೂ ಒಂದೇ ಜಾಗಕ್ಕೆ ವಾರಗಟ್ಟಲೆ ಕಾವು ಬಿದ್ದರೆ ಚರ್ಮದ ರಕ್ತನಾಳಗಳ ಜಾಲದ ಗುರುತು ಹೀಗೆ ಮೂಡುತ್ತದೆ. ಕಾಶ್ಮೀರದಲ್ಲಿ ಚಳಿಗೆ ಉಡುಪಿನೊಳಗೆ ಕೆಂಡದ ಕಾಂಗಡಿ ಹಿಡಿದುಕೊಳ್ಳುವವರ ಹೊಟ್ಟೆ ತೊಡೆಯ ಮೇಲೂ ಇದೇ ಗೆರೆ. ಕಾವು ನಿಲ್ಲಿಸಿದರೆ ತಿಂಗಳುಗಳಲ್ಲಿ ಮಾಸುತ್ತದೆ. ವರ್ಷಗಟ್ಟಲೆ ಮುಂದುವರಿಸಿದರೆ ಅಪರೂಪಕ್ಕೆ ಅಲ್ಲಿ ಚರ್ಮದ ಕ್ಯಾನ್ಸರ್ ಕೂಡ ಆಗಬಹುದು, ಹಾಗಾಗಿ ಇವತ್ತಿನಿಂದಲೇ ಮಲಗುವಾಗ ಚೀಲ ಬೇಡ. ಬೇಕೆನಿಸಿದರೆ ಟವೆಲ್ ಸುತ್ತಿ ಹದಿನೈದು ನಿಮಿಷ, ಅಷ್ಟೇ. ಸಕ್ಕರೆ ಕಾಯಿಲೆ ಇದ್ದವರಿಗೆ ಬಿಸಿ ಗೊತ್ತಾಗದೆ ಬೊಬ್ಬೆ ಬರುತ್ತದೆ, ಅವರು ಇನ್ನೂ ಜೋಪಾನ. ಎರಡು ತಿಂಗಳಾದರೂ ದಿನಾ ಕಾವು ಬೇಕಾಗುವಷ್ಟು ನೋವಿದ್ದರೆ ಯಾವ ಹೆಜ್ಜೆಗೆ ನೋಯುತ್ತದೆ ಅಂತ ನೋಡಿ, ಆ ಜಿಗಿತವನ್ನು ಜಾಗದಲ್ಲೇ ನಿಂತ ಹೆಜ್ಜೆಗೆ ಬದಲಿಸಿ.

ಪ್ರಶ್ನೆ: ಧಾರವಾಡ, 66 ವರ್ಷ. ನಿವೃತ್ತನಾದ ಮೇಲೆ ವಾಕಿಂಗ್ ಶುರು ಮಾಡಿದೆ. ಸಾಧನಕೇರಿ ಕಡೆ ಹೋಗುತ್ತೇನೆ. ಹತ್ತು ನಿಮಿಷಕ್ಕೆ ಟೊಂಕ ಹಿಡಿದು ಎರಡೂ ಕಾಲು ಭಾರವಾಗುತ್ತವೆ. ಕಟ್ಟೆಯ ಮೇಲೆ ಕೂತರೆ ಎರಡು ನಿಮಿಷಕ್ಕೆ ಸರಿ. ಮನೆಯವರು ಅಭ್ಯಾಸ ಆದಂತೆ ಹೋಗುತ್ತದೆ ಅಂತಾರೆ. ಎರಡು ತಿಂಗಳಾದರೂ ಹೋಗಿಲ್ಲ.

ಉತ್ತರ: ಕಾಕಾ, ಇದು ಅಭ್ಯಾಸದ ಕೊರತೆ ಅಲ್ಲ ಅನಿಸುತ್ತದೆ. ಒಂದು ಗಮನಿಸಿ. ಕಾಲು ಭಾರವಾದಾಗ ಕೂರದೆ, ನೆಟ್ಟಗೆ ಸುಮ್ನೆ ನಿಂತು ನೋಡಿ. ನಿಂತರೂ ಹಗುರಾದರೆ ಕಾಲಿನ ರಕ್ತನಾಳದ ಕಡೆ ನೋಡಬೇಕು, ಬೀಡಿ ಸಿಗರೇಟು, ಸಕ್ಕರೆ ಕಾಯಿಲೆ ಇದ್ದರಂತೂ ತಡ ಮಾಡಬೇಡಿ. ನಿಂತರೆ ಹೋಗದೆ, ಕೂತಾಗ ಅಥವಾ ಕಟ್ಟೆಗೆ ಕೈಯೂರಿ ಮುಂದೆ ಬಾಗಿದಾಗ ಮಾತ್ರ ಹೋದರೆ ಟೊಂಕದಲ್ಲಿ ನರ ಹಾದುಹೋಗುವ ಕೊಳವೆ ವಯಸ್ಸಿಗೆ ಕಿರಿದಾಗಿರಬಹುದು. ನೆಟ್ಟಗೆ ನಿಂತಾಗ ಅದು ಇನ್ನೂ ಸಣ್ಣದಾಗುತ್ತದೆ, ಬಾಗಿದಾಗ ಸ್ವಲ್ಪ ಅಗಲವಾಗುತ್ತದೆ. ಇಷ್ಟು ವರ್ಷ ಕೂತು ಕೆಲಸ ಮಾಡಿದ್ದರಿಂದ ಗೊತ್ತಾಗಿರಲಿಲ್ಲ, ವಾಕಿಂಗ್ ಅದನ್ನು ತೋರಿಸಿಕೊಟ್ಟಿದೆ. ಹೀಗಿರುವವರು ನಡೆಯಲು ಕಷ್ಟಪಟ್ಟರೂ ಸೈಕಲ್ ಸಲೀಸಾಗಿ ಹೊಡೆಯುತ್ತಾರೆ, ಯಾಕಂದರೆ ಹ್ಯಾಂಡಲ್ ಹಿಡಿದಾಗ ಬೆನ್ನು ಬಾಗಿರುತ್ತದೆ.

ವಾಕಿಂಗ್ ಬಿಡಬೇಡಿ. ಐದು ನಿಮಿಷ ನಡೆದು, ಭಾರವಾಗುವ ಮೊದಲೇ ಕೂತು, ಮತ್ತೆ ಐದು ನಿಮಿಷ. ಕಟ್ಟೆ, ಬೆಂಚು ಇರುವ ದಾರಿಯನ್ನೇ ಆರಿಸಿಕೊಳ್ಳಿ. ಮೂಳೆ ಡಾಕ್ಟರ್‌ಗೆ ಒಮ್ಮೆ ತೋರಿಸಿ, ಎಷ್ಟು ನಿಮಿಷಕ್ಕೆ ಬರುತ್ತದೆ, ಹೇಗೆ ಮಾಡಿದರೆ ಹೋಗುತ್ತದೆ ಅನ್ನುವುದನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಅವರಿಗೆ ಅದು ತುಂಬ ಸಹಾಯ. ಮನೆಯಲ್ಲಿ ಮೊಮ್ಮಕ್ಕಳ ಸ್ಟ್ಯಾಂಡ್ ಹಾಕುವ ಸೈಕಲ್ ಇದ್ದರೆ ಅಂಗಳದಲ್ಲೇ ಗಟ್ಟಿಯಾಗಿ ಸ್ಟ್ಯಾಂಡ್ ಹಾಕಿ, ಒಬ್ಬರು ಪಕ್ಕಕ್ಕೆ ಹಿಡಿದು ನಿಂತಿರಲಿ, ಹದಿನೈದು ನಿಮಿಷ ಪೆಡಲ್ ತುಳಿದು ನೋಡಿ. ಕಾಲಿಗೆ ಭಾರ ಬಂತೋ ಇಲ್ಲವೋ ನನಗೆ ಬರೆದು ಕಳಿಸಿ.